ಕಬ್ಬಿಣದ ಕೈ, ಅಡಿಗೆಮನೆಯ ಗೋಡೆ

ಸೇತುಮಾಧವ ನೆಟ್ಟಗೆ ಕೂತದ್ದನ್ನು ಆದವಾನಿಯಲ್ಲಿ ಕಂಡವರು ಕಡಿಮೆ. ಊಟಕ್ಕೆ ಕೂತರೂ ಅವನ ಒಂದು ಮೊಣಕಾಲು ಮೇಲಕ್ಕೇ ಇರುತ್ತಿತ್ತು, ಯಾವಾಗ ಬೇಕಾದರೂ ಎದ್ದು ಓಡುವವನ ಹಾಗೆ. ಸಂಧ್ಯಾವಂದನೆಯ ನಡುವೆ ಎದ್ದು ಹೋಗಿ ಎಲ್ಲಿಯದೋ ಒಂದು ನಟ್ಟು ಬಿಗಿ ಮಾಡಿ ಬಂದು, ಮಂತ್ರ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹೆಂಡತಿಯನ್ನು ಕೇಳುತ್ತಿದ್ದ. ಒಲೆಯ ಮುಂದಿನಿಂದಲೇ ಆಕೆ ಹೇಳುತ್ತಿದ್ದಳು. ಅವನ ತಂದೆ, ತಾತ ಎಲ್ಲರೂ ಕೋಟೆ ಕೆಳಗಿನ ಓಣಿಯಲ್ಲಿ ಪೌರೋಹಿತ್ಯ ಮಾಡಿದವರು, ಒಂದೇ ಮಣೆಯ ಮೇಲೆ ಹೊತ್ತುಗಟ್ಟಲೆ ಅಲ್ಲಾಡದೆ ಕೂತವರು. ಅವರೆಲ್ಲ ಕೂಡಿಟ್ಟ ನಡಿಗೆಯನ್ನು ಇವನೊಬ್ಬನೇ ಖರ್ಚು ಮಾಡುತ್ತಿದ್ದಾನೆ ಎಂದು ಓಣಿಯವರು ನಗುತ್ತಿದ್ದರು.

ಅವನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೇಷ್ಟ್ರು. ಹುಡುಗರಿಗೆ ಅರ ಹಾಕುವುದು, ಕೊರೆಯುವುದು ಕಲಿಸಿ ಸಂಬಳ ತಂದು ಸುಮ್ಮನಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ. ನೌಕರಿ ಮಾಡುತ್ತಲೇ ಎಂಜಿನಿಯರಿಂಗ್ ಪದವಿ ಮುಗಿಸಿದ. ಎಂಬತ್ತರ ದಶಕದ ನಡುವೆ, ನಲವತ್ತರ ಹತ್ತಿರದ ವಯಸ್ಸಿನಲ್ಲಿ, ದೂರದ ಕಾಲೇಜೊಂದರಲ್ಲಿ ಸಂಶೋಧನೆಗೆ ಹೆಸರು ಹಚ್ಚಿಸಿದ. ಅವನ ಸಂಶೋಧನೆ ಏನೆಂದರೆ, ಗೋಡೆ ಕಟ್ಟುವ ಕೈ. ಮನುಷ್ಯನದಲ್ಲ, ಕಬ್ಬಿಣದ್ದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಇವನು ಎರಡನ್ನೂ ಒಂದಕ್ಕೊಂದು ಗಂಟು ಹಾಕಿದ. ಅಣ್ಣತಮ್ಮಂದಿರ ಪಾಲಾದಾಗ ಅಡಿಗೆಮನೆ ಅಣ್ಣನ ಕಡೆಗೆ ಹೋಗಿ, ಸೇತುಮಾಧವನಿಗೆ ನಡುಮನೆ ಬಂದಿತ್ತು. ನಡುಮನೆಯ ಮೂಲೆಯಲ್ಲೇ ಒಲೆ ಹೂಡಿ, ಅದಕ್ಕೆ ಮರೆಯಾಗಿ ಹಳೆಯದೊಂದು ಹದಿನಾರು ಮೊಳದ ಸೀರೆಯನ್ನು ಅಡ್ಡ ಕಟ್ಟಿದ್ದರು. ಆ ಸೀರೆಯ ಹಿಂದೆ ತುಳಸಿಬಾಯಿಯ ಸಂಸಾರ. ಆಕೆ ಆಲೂರಿನ ಪುರಾಣಿಕರ ಮಗಳು. ಮಿಂದು, ಮಡಿಯುಟ್ಟು ಒಲೆಯ ಮುಂದೆ ಬಂದಳೆಂದರೆ ನೈವೇದ್ಯ ಮುಗಿಯುವವರೆಗೆ ಯಾರನ್ನೂ, ಏನನ್ನೂ ಮುಟ್ಟುವ ಹಾಗಿಲ್ಲ. ಆದರೆ ಆದವಾನಿಯ ಗಾಳಿಗೆ ಮಡಿ ಮೈಲಿಗೆ ಎಲ್ಲಿ ಗೊತ್ತು? ಬಾಗಿಲು ತೆರೆದರೆ ಸಾಕು, ಅಡ್ಡ ಕಟ್ಟಿದ ಸೀರೆ ಹಾರಿ ಆಕೆಯ ಬೆನ್ನಿಗೆ ತಾಕುತ್ತಿತ್ತು. ಮಡಿ ಹೋಯಿತು. ಬಾವಿಯ ನೀರು ಸೇದಿ ಮತ್ತೆ ಸ್ನಾನ. ಚಳಿಗಾಲದಲ್ಲಿ ಒದ್ದೆ ಕೂದಲಿನಲ್ಲಿ ಆಕೆ ನಡುಗುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಎದ್ದು ಹೊರಗೆ ಹೋಗಿಬಿಡುತ್ತಿದ್ದ.

"ಒಂದು ಗ್ವಾಡಿ ಹಾಕಸ್ರಿ," ಎಂದಳು ಆಕೆ ಒಮ್ಮೆ. "ನಾ ಬಂಗಾರ ಕೇಳಿಲ್ಲ."

"ಹಾಕಸ್ತೀನಿ. ಆದ್ರ ಗೌಂಡಿ ಕೈಲೆ ಅಲ್ಲ. ನನ್ನ ಕೈ ಕಟ್ಟೋ ಮೊದಲನೇ ಗ್ವಾಡಿ ನಿನ್ನ ಅಡಿಗಿಮನಿದು."

ಆಡಿದ ಮಾತು ಬಿಟ್ಟ ಬಾಣ. ಆಮೇಲೆ ವರ್ಷಗಳು ಹೋದವು, ಸೀರೆ ಹಾರುತ್ತಲೇ ಇತ್ತು.

ಗೋಡೆ ಕಟ್ಟುವ ಗೌಂಡಿ ಜಂಬಯ್ಯ ಓಣಿಯ ಮನೆಗಳಿಗೆಲ್ಲ ಬೇಕಾದವನು. ಅವನಿಗೆ ಈ ಹಟ ಅರ್ಥವೇ ಆಗಲಿಲ್ಲ. "ಸ್ವಾಮಿ, ಒಂದಿನದ ಕೆಲಸ ಐತಿ. ಮುಂಜಾನಿ ಬಂದ್ರ ಸಂಜಿಕ ಅಮ್ಮಾರ ಗ್ವಾಡಿ ಎದ್ದಿರತೈತಿ. ಯಾಕ ಇಷ್ಟು ತಿಪ್ಪಲ ಪಡ್ತೀರಿ?"

"ಜಂಬಯ್ಯ, ಇದು ಬರೇ ಗ್ವಾಡಿ ಅಲ್ಲ. ಇದು ಸಂಶೋಧನಾ."

"ಸರೇ. ಸಂಶೋಧನಾಕ್ಕ ಗಾರಿ ಎಷ್ಟು ಬೇಕು ಹೇಳ್ರಿ, ಕಲಸ್ತೀನಿ," ಎಂದ ಜಂಬಯ್ಯ. ಅಂದಿನಿಂದ ಗಾರೆ ಹಚ್ಚುವ ಕೆಲಸ ಅವನದಾಯಿತು. ಇಟ್ಟಿಗೆ ಇಡುವುದು ಮಾತ್ರ ಯಂತ್ರದ್ದು, ಅದರಲ್ಲಿ ಕೈ ಹಾಕಬಾರದೆಂದು ಕಟ್ಟಪ್ಪಣೆ. ಜಂಬಯ್ಯ ಕರಣಿ ಹಿಡಿದು ನಿಂತು ತಮಾಷೆ ನೋಡುತ್ತಿದ್ದ.

ಯಂತ್ರವೆಂದರೆ ಏನು ಮಹಾ? ಹತ್ತಿ ಮಿಲ್ಲಿನ ಗುಜರಿಯಿಂದ ತಂದ ಒಂದು ಕಂಬ, ಕಂಬದ ಮೇಲೆ ಏರಿಳಿಯುವ ತೋಳು, ಅದನ್ನು ಎಳೆಯಲು ಸೈಕಲ್ ಚೈನು, ಭಾರಕ್ಕೆ ಸರಿದೂಗಲು ಹಿಂದೆ ಇಳಿಬಿಟ್ಟ ಉಸುಕಿನ ಚೀಲ, ತುದಿಯಲ್ಲಿ ಇಟ್ಟಿಗೆ ಹಿಡಿಯುವ ಇಕ್ಕಳ. ವರ್ಕ್‌ಶಾಪಿನ ಸಿಮೆಂಟು ನೆಲದ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೆ ಅದನ್ನು ತಿದ್ದಿ ತೀಡಿದ್ದ. ಆಮೇಲೆ ಬಂಡಿಯಲ್ಲಿ ಹೇರಿ ಮನೆಗೆ ತಂದು, ನಡುಮನೆಯ ನೆಲಕ್ಕೆ ಬೋಲ್ಟು ಹಾಕಿ ಗಚ್ಚಿನಲ್ಲಿ ಕೂಡಿಸಿದ. ಇನ್ನು ಅದು ಅಲ್ಲಾಡುವುದಿಲ್ಲ ಎಂದು ಅವನಿಗೆ ಧೈರ್ಯ.

ಕೈ ಕಬ್ಬಿಣದ್ದಾದರೆ ಬುದ್ಧಿ ಲೆಕ್ಕದ್ದು. ದೂರದ ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಇತ್ತು. ರಜೆ ಸಿಕ್ಕಾಗೆಲ್ಲ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಹೋಗುತ್ತಿದ್ದ. ಇಡೀ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಂಪ್ಯೂಟರಿನೊಳಗೆ ಲೆಕ್ಕದಲ್ಲಿ ಕಟ್ಟಿ, ಒಂದೊಂದಕ್ಕೂ ತೋಳು ಎಷ್ಟು ಏರಬೇಕು, ಎಷ್ಟು ಚಾಚಬೇಕು ಎಂಬ ಅಂಕಿಗಳನ್ನು ಹಾಳೆಗಳ ಮೇಲೆ ಹೊತ್ತು ತರುತ್ತಿದ್ದ. ಕಂಪ್ಯೂಟರಿನೊಳಗೆ ಆ ಗೋಡೆ ಎಂದೋ ಎದ್ದಿತ್ತು, ಕೂದಲೆಳೆಯಷ್ಟೂ ವಾಲದೆ. ಅದನ್ನು ಆದವಾನಿಯ ನಡುಮನೆಗೆ ಇಳಿಸುವುದಷ್ಟೇ ಬಾಕಿ ಇತ್ತು.

ಇಳಿಸುವ ಸಾಧನ ಒಂದು ಬರಿಮೈ ಹಲಗೆ, ಕೈಯ ಮೋಟಾರನ್ನು ಆಡಿಸುವ ಪುಟ್ಟ ಕಂಪ್ಯೂಟರು. ಅದರ ಮೇಲೆ ಕೆಲವು ಗುಂಡಿ, ಕೆಂಪಗೆ ಉರಿಯುವ ಅಂಕಿಗಳು. ಗುಂಡಿ ಒತ್ತಿ ಒಂದೊಂದೇ ಅಂಕಿಯನ್ನು, ನಡುನಡುವೆ ಬರುವ ಸಿ, ಡಿ, ಇ ಎಂಬ ಇಂಗ್ಲಿಷ್ ಅಕ್ಷರಗಳನ್ನು, ಅದಕ್ಕೆ ಉಣಿಸಬೇಕು. ಉಂಡದ್ದನ್ನೆಲ್ಲ ಅದು ನೆನಪಿಡುತ್ತಿತ್ತು, ಕರೆಂಟು ಇರುವವರೆಗೆ. ಕರೆಂಟು ಹೋಯಿತೋ, ಹುಟ್ಟಿದ ಕೂಸಿನ ಹಾಗೆ ಎಲ್ಲ ಮರೆತು ಕೂಡುತ್ತಿತ್ತು. ಆದವಾನಿಯಲ್ಲಿ ಕರೆಂಟು ಹೋಗದ ದಿನ ಯಾವುದಿತ್ತು?

ಒಂದು ಕಣ್ಣು ಹಾಳೆಯ ಮೇಲೆ, ಒಂದು ಕಣ್ಣು ಗುಂಡಿಗಳ ಮೇಲೆ ಇಟ್ಟು ಸೇತುಮಾಧವ ಸಾಲು ತಪ್ಪುತ್ತಿದ್ದ. ತಪ್ಪಿದರೆ ಬೈಯುತ್ತಿದ್ದ, ಕರೆಂಟಿಗೆ, ಹಲಗೆಗೆ, ಹಾಳೆಗೆ. ಒಂದು ದಿನ ಹಾಗೆ ಗಟ್ಟಿಯಾಗಿ ಓದಿಕೊಳ್ಳುತ್ತ ಒತ್ತುತ್ತಿದ್ದಾಗ ಸೀರೆಯ ಹಿಂದಿನಿಂದ ದನಿ ಬಂತು. "ಒಂದು ಬಿಟ್ರಿ. ಸಿ ಮೂರು ಆದಮ್ಯಾಲೆ ಸೊನ್ನೆ ಸೊನ್ನೆ ಅದ."

ಅವನು ಹಾಳೆ ನೋಡಿದ. ಹೌದು, ಬಿಟ್ಟಿದ್ದ.

"ನಿನಗ ಹ್ಯಾಂಗ ಗೊತ್ತು?"

"ದಿನಾ ಕೇಳಿ ಕೇಳಿ ಬಾಯಿಗೆ ಬಂದದ. ಹಾಳಿ ಮುಟ್ಟಲಿಕ್ಕೆ ಬರೂದುಲ್ಲ, ಕೇಳಲಿಕ್ಕೆ ಮಡಿ ಅಡ್ಡ ಬರ್ತದೇನು?"

ಆಲೂರಿನಲ್ಲಿ ಆಕೆ ಕಲಿತದ್ದೆಲ್ಲ ಹಾಗೆಯೇ. ತಂದೆ ಹೊರಗೆ ಶಿಷ್ಯರಿಗೆ ಹೇಳುವುದನ್ನು ಒಳಗೆ ಅಕ್ಕಿ ಆರಿಸುತ್ತ ಕೇಳಿ ಕಂಠಪಾಠ. ಕೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ಇಡುವುದು ಆ ಮನೆಯ ಶಿಸ್ತು. ಅಂದಿನಿಂದ ಕರೆಂಟು ಹೋಗಿ ಬಂದಾಗೆಲ್ಲ ಸೇತುಮಾಧವ "ಹೂಂ, ಹೇಳು" ಎನ್ನುತ್ತಿದ್ದ. ಹುಳಿ ಕದಡುತ್ತ, ಒಗ್ಗರಣೆ ಹಾಕುತ್ತ ಆಕೆ ರಾಗವಾಗಿ ಹೇಳುತ್ತಿದ್ದಳು. "ಮೂರು ಇ, ಸೊನ್ನೆ ಆರು, ಸಿ ಮೂರು, ಸೊನ್ನೆ ಸೊನ್ನೆ, ಎರಡು ಸೊನ್ನೆ..." ಅವನು ಗುಂಡಿ ಒತ್ತುತ್ತಿದ್ದ. ಹಾಳೆಗಳು ಮೂಲೆ ಸೇರಿದವು. ಆ ಹೊತ್ತು ತನಗೂ ಆಕೆಗೂ ನಡುವೆ ಸೀರೆಯಿದೆ ಎಂಬುದೇ ಅವನಿಗೆ ಮರೆಯುತ್ತಿತ್ತು. ಅವನ ಸಂಸಾರದಲ್ಲಿ ಅದಕ್ಕಿಂತ ಸುಖದ ಹೊತ್ತು ಇರಲಿಲ್ಲ. ಆದರೆ ಅದನ್ನು ಆಕೆಗೆ ಹೇಳುವಷ್ಟು ವ್ಯವಧಾನ ಅವನಿಗೆಲ್ಲಿ?

ಗೋಡೆ ಮಾತ್ರ ನಿಲ್ಲಲಿಲ್ಲ. ಕೆಳಗಿನ ಸಾಲುಗಳು ಚೆನ್ನಾಗಿ ಕೂಡುತ್ತಿದ್ದವು. ಮೇಲೆ ಹೋದ ಹಾಗೆ ಒಂದೊಂದು ಸಾಲೂ ಒಂದಿಷ್ಟು ಆಚೆ ಸರಿದು, ಸೊಂಟದ ಎತ್ತರಕ್ಕೆ ಬರುವಷ್ಟರಲ್ಲಿ ಗೋಡೆ ಕುಡಿದವನ ಹಾಗೆ ವಾಲಿ ಕುಸಿಯುತ್ತಿತ್ತು. ಸೇತುಮಾಧವ ಮೋಟಾರು ಬಿಚ್ಚಿದ, ಚೈನು ಬದಲಿಸಿದ, ಕಾಲೇಜಿಗೆ ಓಡಿದ. ಲೆಕ್ಕ ಮತ್ತೆ ಮಾಡಿಸಿದ, ಲೆಕ್ಕ ಸರಿಯೇ ಇತ್ತು. ನಿದ್ದೆ ಕೆಟ್ಟಿತು, ಊಟ ಕೆಟ್ಟಿತು, ಮಾತು ಕೂಡ ಕೆಟ್ಟಿತು.

"ದೃಷ್ಟಿ ಆಗೈತಿ ಸ್ವಾಮಿ. ಒಂದು ನಿಂಬಿಹಣ್ಣು ಕಟ್ರಿ," ಎಂದ ಜಂಬಯ್ಯ. ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ.

ಮೇಲಿನಿಂದ ಗೈಡು ಅನಂತಾಚಾರ್ಯರ ಒತ್ತಾಯ. ಕರ್ನೂಲಿನ ಕಡೆಯ ಮಾಧ್ವರು, ಹಿರಿಯ ಪ್ರೊಫೆಸರು, ಮಾತು ಕಡಿಮೆ. ವರ್ಷಗಳ ಗಡುವು ಮುಗಿಯುತ್ತ ಬಂದಿತ್ತು. "ನಾನು ನೋಡ್ತಾ ನಿಂತಾಗ ಆ ಗ್ವಾಡಿ ಆಳೆತ್ತರ ಏಳಬೇಕು," ಎಂದರು ಅವರು. "ಇಲ್ಲಂದ್ರ ನಿನ್ನ ಹೆಸರು ತಗೀತಾರ. ನಾನೂ ತಡೀಲಾರೆ. ಮತ್ತ ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದ್ಲಂತ, ಹಂಗ ಮಾತ್ರ ನನ್ನ ಮುಂದ ಹೇಳಬ್ಯಾಡ."

ಆ ಗಾದೆ ಅವನನ್ನು ಎಷ್ಟು ಕಟ್ಟಿಹಾಕಿತೆಂದರೆ, ಎಲ್ಲವನ್ನೂ ಅನುಮಾನಿಸಿದ ಮನುಷ್ಯ ನೆಲವೊಂದನ್ನು ಅನುಮಾನಿಸಲಿಲ್ಲ. ಡೊಂಕಾಗಿದ್ದದ್ದು ನೆಲವೇ.

ಒಂದು ಮುಂಜಾನೆ ತುಳಸಿಬಾಯಿ ನಡುಮನೆ ತೊಳೆಯುತ್ತಿದ್ದಳು. ಕೊಡದ ನೀರು ಚೆಲ್ಲಿದ ಕಡೆ ನಿಲ್ಲದೆ, ಸುತ್ತ ನೋಡದೆ, ನೆಟ್ಟಗೆ ಈಶಾನ್ಯದ ಬಚ್ಚಲಿಗೆ ಹರಿಯಿತು. ಹುಟ್ಟಿದಾಗಿನಿಂದ ಆ ನೀರು ಹಾಗೆ ಹರಿಯುವುದನ್ನು ಅವನು ನೋಡಿದ್ದ. ಆ ಓಣಿಯ ಮನೆಗಳಲ್ಲೆಲ್ಲ ನೆಲವನ್ನು ಈಶಾನ್ಯಕ್ಕೆ ಒಂದಿಷ್ಟು ಇಳುಕಲು ಮಾಡಿಯೇ ಹಾಕುವುದು, ಅದೇ ಶಾಸ್ತ್ರ. ನೀರು ಆ ಕಡೆ ಹೋಗುವುದು ಅವನಿಗೆ ಸೂರ್ಯ ಮೂಡುವಷ್ಟು ಸಹಜವಾಗಿ, ಆ ಇಳುಕಲೇ ಮಟ್ಟ ಎಂದು ಕಣ್ಣಿಗೆ ಒಗ್ಗಿಹೋಗಿತ್ತು. ನೆಲದ ಜೊತೆಗೆ ಕಂಬವೂ ವಾಲಿತ್ತು, ಕಂಬದ ಜೊತೆಗೆ ಗೋಡೆ. ಸೇತುಮಾಧವ ಹೊಸ್ತಿಲ ಮೇಲೆ ನಿಂತು ತನ್ನ ಹಣೆಯನ್ನು ತಾನೇ ಬಡಿದುಕೊಂಡ.

ಕಂಬ ಕೀಳಬೇಕೆಂದರೆ ನೆಲ ಒಡೆಯಬೇಕು. ಅದರ ಬದಲು ಅಂಕಿಗಳನ್ನೇ ತಿದ್ದಿದ. ಪ್ರತಿ ಸಾಲನ್ನೂ ಒಂದಿಷ್ಟು ಈಚೆ ಎಳೆದ. ತುಳಸಿಬಾಯಿ ಆಗ ಸೋದರತ್ತೆಯ ಮನೆಯ ಮದುವೆಗೆಂದು ಆಲೂರಿಗೆ ಹೋಗಿದ್ದಳು. ಹಾಳೆ ನೋಡಿ ತಾನೇ ಒತ್ತಿದ. ಗೋಡೆ ಆಳೆತ್ತರ ಎದ್ದು ನಿಂತಿತು. ಗಾರೆ ಒಣಗುವ ಮೊದಲೇ ಅದನ್ನು ಬಿಚ್ಚಿ, ಗೈಡಿಗೆ ಬರಲು ಹೇಳಿ ಕಳಿಸಿದ. ಅವರ ಕಣ್ಣೆದುರಿಗೇ ನಿಜವಾದ ಗೋಡೆ ಕಟ್ಟಬೇಕಿತ್ತು. ಹೆಂಡತಿ ಬಂದಾಗ "ತಪ್ಪು ಸಿಕ್ತು" ಎಂದು ಹೇಳಿದ. ಇಷ್ಟೇ ಹೇಳಿದ.

ಅನಂತಾಚಾರ್ಯರು ಬಂದರು. ಮಡಿಯೂಟ ಬಿಟ್ಟು ಬೇರೇನೂ ಬಾಯಿಗೆ ಮುಟ್ಟಿಸದವರು. ತುಳಸಿಬಾಯಿ ಬೆಳಿಗ್ಗೆಯಿಂದ ಸೀರೆಯ ಹಿಂದೆ ಸಜ್ಜಾಗಿದ್ದಳು. ಜಂಬಯ್ಯ ಗಾರೆ ಹಚ್ಚಿದ, ಕೈ ಇಟ್ಟಿಗೆ ಎತ್ತಿತು, ಇಟ್ಟಿತು. ಕೆಲವು ಸಾಲು ಎದ್ದವು. ಅಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಹಲಗೆ ಎಲ್ಲ ಮರೆತಿತ್ತು.

"ಹೂಂ, ಹೇಳು," ಎಂದ ಸೇತುಮಾಧವ, ರೂಢಿಯಂತೆ.

ಆಕೆ ಹೇಳಿದಳು. ಗುರುಗಳು ಎದುರಿಗಿದ್ದ ಅವಸರ, ಕಿವಿ ಆ ದನಿಗೆ ಒಗ್ಗಿತ್ತು, ಒತ್ತುತ್ತ ಹೋದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲವೂ ಹಳೆಯ ಅಂಕಿಗಳು. ಕೈ ಮತ್ತೆ ಎದ್ದು ಕೆಲಸಕ್ಕೆ ಹತ್ತಿತು. ಸೊಂಟದೆತ್ತರ ದಾಟುವಾಗ ಗೋಡೆ ಈಶಾನ್ಯಕ್ಕೆ ಬಾಗುತ್ತಿರುವುದು ಎಲ್ಲರಿಗೂ ಕಂಡಿತು.

ಸೇತುಮಾಧವನ ಬಾಯಿಂದ ಬರಬಾರದ ಮಾತು ಬಂತು. "ನಿನ್ನ ಬಾಯಿಪಾಠಕ್ಕ ಬೆಂಕಿ ಹಚ್ಚ. ಎಲ್ಲಾ ಹಾಳು ಮಾಡಿದಿ."

ಸೀರೆಯ ಹಿಂದೆ ಸೌಟು ನಿಂತಿತು.

"ಅಂಕಿ ಬದಲಾದದ್ದು ನನಗ ಹೇಳಿದ್ರೇನು?" ಎಂದು ಆಕೆ ಕೇಳಿದಳು. ದನಿ ಏರಿರಲಿಲ್ಲ.

ಅಷ್ಟರಲ್ಲಿ ಮೇಲಿನ ಇಟ್ಟಿಗೆ ಜಾರತೊಡಗಿತು. ಜಂಬಯ್ಯ ಕಟ್ಟಪ್ಪಣೆ ನೆನೆದು ಸೇತುಮಾಧವನ ಮುಖ ನೋಡುತ್ತ ನಿಂತ. ಯಾರಿಗಾದರೂ ಹೊಳೆಯುವ ಮೊದಲೇ ಸೀರೆ ಸರಿಯಿತು. ತುಳಸಿಬಾಯಿ ಮಡಿಯಲ್ಲೇ ಹೊರಗೆ ಬಂದು ಎರಡೂ ಕೈ ಗೋಡೆಗೆ ಕೊಟ್ಟಳು. ಎಷ್ಟು ವರ್ಷ ಕಾದ ಗೋಡೆ, ಬೀಳಗೊಡಲು ಆಕೆಗೆ ಮನಸ್ಸಾಗಲಿಲ್ಲ. ಒಂದು ಅಂಗೈಯಿಂದ ಭಾರ ತಡೆದು, ಇನ್ನೊಂದರಿಂದ ಪ್ರತಿ ಸಾಲನ್ನೂ ಸವರಿ, ಎಲ್ಲಿ ಹೊರಗೆ ಬಂದಿದೆ ಎಂದು ಮುಟ್ಟಿ ನೋಡಿ, ಹಸಿ ಗಾರೆಯ ಮೇಲೆ ಒಳಕ್ಕೆ ದೂಡುತ್ತ ಹೋದಳು. ಮಡಿಸೀರೆಗೆಲ್ಲ ಕೆಸರಾಯಿತು. ಗೋಡೆ ನಿಂತಿತು.

ಆಮೇಲೆ ಯಾರನ್ನೂ ನೋಡದೆ ಬಾವಿಗೆ ಹೋದಳು. ಮಿಂದು ಬಂದು, ಮಾಡಿದ ಅಡಿಗೆಯನ್ನೆಲ್ಲ ಬದಿಗಿಟ್ಟು, ಹೊಸದಾಗಿ ಒಲೆ ಹಚ್ಚಿದಳು. ಅನಂತಾಚಾರ್ಯರು ಹೊತ್ತಿಳಿಯುವ ತನಕ ಹಸಿದು ಕೂತರು. ಊಟವಾದ ಮೇಲೆ, "ಇದು ಯಂತ್ರ ನಿಲ್ಲಿಸಿದ ಗ್ವಾಡಿ ಅಲ್ಲ. ಇನ್ನೊಂದು ಸಲ ಬರ್ತೀನಿ. ಅದೇ ಕಡೀದು," ಎಂದಷ್ಟೇ ಹೇಳಿ ಸ್ಟೇಶನ್ನಿಗೆ ಹೊರಟರು.

ಸೇತುಮಾಧವ ಅಂದು ಓಣಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದನೋ. ಆಡಿದ ಮಾತು ಎದೆಯಲ್ಲಿ ಮುಳ್ಳಾಗಿತ್ತು. ಅದರ ಜೊತೆಗೇ ಆಕೆಯ ಅಂಗೈ ಸಾಲು ಸಾಲಾಗಿ ಸವರಿದ್ದು ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ. ತನ್ನ ಯಂತ್ರವೂ ಮಡಿಯಲ್ಲೇ ಇತ್ತಲ್ಲ ಎಂದು ಅವನಿಗೆ ಹೊಳೆಯಿತು. ಯಾರೋ ಎಲ್ಲೋ ಮಾಡಿದ ಲೆಕ್ಕವನ್ನು ಪಠಿಸಿ, ಕೆಳಗೆ ಏನಿದೆ ಎಂದು ಮುಟ್ಟಿಯೂ ನೋಡದೆ ಇಟ್ಟಿಗೆ ಇಡುತ್ತಿತ್ತು. ಇನ್ನು ಅದು ಮುಟ್ಟಬೇಕು. ಆಕೆ ನಿಲ್ಲಿಸಿದ ಗೋಡೆಯನ್ನು ಬಿಚ್ಚಿಸಿ, ತೊಲೆಯಿಂದ ತಾಮ್ರದ ತಂತಿಗೆ ಗೌಂಡಿಗಳ ತೂಕದ ಗುಂಡು ಕಟ್ಟಿ ನೆಟ್ಟಗೆ ಇಳಿಬಿಟ್ಟ. ಪ್ರತಿ ಸಾಲಿಗೂ ಕೈ ಮೊದಲು ಕೆಳಗಿನ ಇಟ್ಟಿಗೆಯ ತಲೆ ಮುಟ್ಟಬೇಕು, ಆ ತಂತಿ ಮುಟ್ಟಬೇಕು, ಲೆಕ್ಕಕ್ಕೂ ನಿಜಕ್ಕೂ ಎಷ್ಟು ಅಂತರವೆಂದು ತಿಳಿದು ಆಮೇಲೆ ಇಡಬೇಕು. ನೆಲ ಎತ್ತ ವಾಲಿದರೂ ಗೋಡೆ ವಾಲಬಾರದು. ತಿಂಗಳುಗಳು ಹಿಡಿದವು. ಅಂಕಿಗಳೆಲ್ಲ ಹೊಸದಾದವು. ಅವನ್ನು ತಾನೇ ಹಾಳೆ ನೋಡಿ ಒತ್ತುವುದು ಅಭ್ಯಾಸ ಮಾಡಿಕೊಂಡ. "ಇನ್ನ ನಿನಗ ಆ ತ್ರಾಸಿಲ್ಲ," ಎಂದ ಹೆಂಡತಿಗೆ. ಅದನ್ನೇ ಕ್ಷಮೆ ಎಂದು ಆಕೆ ತಿಳಿಯಲಿ ಎಂದುಕೊಂಡಿದ್ದ. ಒಲೆಯ ಮುಂದೆ ಈಗ ರಾಗವಿರಲಿಲ್ಲ, ಬರೀ ಪಾತ್ರೆಗಳ ಸದ್ದು.

ಎರಡನೇ ಸಲ ಅನಂತಾಚಾರ್ಯರು ಬಂದ ದಿನ ಗೋಡೆ ನಿಂತದ್ದು, ಸೇತುಮಾಧವನಿಗೆ ಪದವಿ ಬಂದದ್ದು ಓಣಿಗೆಲ್ಲ ಗೊತ್ತು. ಜಂಬಯ್ಯ ಗುಂಡು ಬಿಟ್ಟು ನೋಡಿ, "ನೆಟ್ಟಗ ಐತಿ ಸ್ವಾಮಿ, ನಾನೇ ಕಟ್ಟಿದಂಗ," ಎಂದದ್ದು ಪತ್ತಿಕೊಂಡದ ಸಂತೆಯವರೆಗೆ ಹೋಯಿತು. ಆದರೆ ನಡುವೆ ಏನಾಯಿತೆಂಬುದು ಒಳಗಿದ್ದವರಿಗಷ್ಟೇ ಗೊತ್ತು.

ಗೋಡೆ ಎದೆಯ ಎತ್ತರ ಮುಟ್ಟಿದಾಗ ಕರೆಂಟು ಹೋಯಿತು. ಬಂತು. ಹಲಗೆ ಮರೆತಿತ್ತು. ಹಾಳೆ ಸೇತುಮಾಧವನ ಕೈಯಲ್ಲೇ ಇತ್ತು. ಆದರೂ ಬಾಯಿ ತನ್ನಷ್ಟಕ್ಕೆ ತಾನು ಅಂದಿತು. "ಹೂಂ, ಹೇಳು."

ಅರ್ಧ ಎದ್ದ ಗೋಡೆಯ ಬದಿಯಿಂದ, ಸೀರೆ ಸರಿಸಿ, ಬಗ್ಗಿ ನೋಡಿದ. ತುಳಸಿಬಾಯಿ ಮಡಿಯಲ್ಲಿ ಒಲೆಯ ಮುಂದೆ ಕೂತಿದ್ದಳು, ಕೈ ಮಡಿಲಲ್ಲಿಟ್ಟುಕೊಂಡು.

"ಹೊಸಾವು ನನಗ ಬರೂದುಲ್ಲ," ಎಂದಳು. "ನೀವು ಹೇಳಿಕೊಟ್ಟಿಲ್ಲ. ಹಾಳಿ ಅದ ಅಲ್ಲ, ನೋಡಿ ಒತ್ರಿ."

ಎರಡನೇ ಸಲವೂ ಅದೇ ತಪ್ಪು ಮಾಡಿದ್ದ. ನೆಲದ ಇಳುಕಲನ್ನು ಯಂತ್ರಕ್ಕೆ ಮುಟ್ಟಿ ತಿಳಿಯಲು ಕಲಿಸಿದವನು, ಎದುರಿಗಿದ್ದ ಜೀವಕ್ಕೆ ಒಂದು ಮಾತು ಹೇಳಿರಲಿಲ್ಲ.

"ಒತ್ತಪ್ಪ, ಹೊತ್ತಾತು," ಎಂದರು ಕುರ್ಚಿಯಲ್ಲಿದ್ದ ಅನಂತಾಚಾರ್ಯರು.

ಸೇತುಮಾಧವ ಹಲಗೆಯ ಹತ್ತಿರ ಹೋಗಲಿಲ್ಲ. ಹಾಳೆ ಹಿಡಿದು ಗೋಡೆಯ ತುದಿಗೆ ಬಂದು, ಆಕೆಗೆ ತಾಕದಷ್ಟು ದೂರದಲ್ಲಿ, ಎರಡೂ ಮೊಣಕಾಲು ನೆಲಕ್ಕೆ ಹಚ್ಚಿ ಕೂತ.

"ಅವತ್ತು ಅಂದದ್ದು ನಂದು ತಪ್ಪು," ಎಂದ. ಆಮೇಲೆ, "ಮೂರು ಇ, ಸೊನ್ನೆ ಏಳು," ಎಂದ.

ಆಕೆ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು.

"ಮೂರು ಇ, ಸೊನ್ನೆ ಏಳು," ಎಂದಳು.

"ಡಿ ಮೂರು, ಎಂಟು ಸೊನ್ನೆ."

"ಡಿ ಮೂರು, ಎಂಟು ಸೊನ್ನೆ."

"ಇನ್ನೂ ಎಷ್ಟು ಹೊತ್ತಪ್ಪಾ?" ಎಂದು ಆಚೆಯಿಂದ ಅನಂತಾಚಾರ್ಯರು ಕೇಳಿದರು.

"ಆಕಿ ಬಾಯಿಗೆ ಬರೂತನಕ, ಸರ್," ಎಂದ ಸೇತುಮಾಧವ, ಕೂತಲ್ಲಿಂದ ಏಳದೆ.